ವಿಮಾನ ಕಾಣುವ ಜಾಗ

ನಮ್ಮ ಮನೆಯ ಚಾವಡಿಯಲ್ಲಿ ತೂಗುವ ಅತ್ತೆಯ ಪಟವನ್ನು ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ. ಎಂಥ ಭಕ್ತಿ, ದೇವರ ಎದುರು ನಿಂತು ಹೇಗೆ ಕಣ್ಣು ಮುಚ್ಚಿದ್ದಾರೆ ನೋಡಿ, ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸಿ ಕಾಫಿ ತರಲು ಒಳಗೆ ಹೋಗುತ್ತೇನೆ. ಆ ಪಟ ತೆಗೆದವಳು ನಾನೇ. ಅಲ್ಲಿ ದೇವರು ಇರಲಿಲ್ಲ. ಬಜ್ಪೆಯ ವಿಮಾನ ನಿಲ್ದಾಣದ ತಂತಿಬೇಲಿ ಇತ್ತು.

ನನ್ನ ತವರು ಪುತ್ತೂರು ಪೇಟೆ. ಅಪ್ಪನಿಗೆ ಅಲ್ಲಿ ಒಂದು ಸಣ್ಣ ಸ್ಟುಡಿಯೋ ಇತ್ತು. ಅಪ್ಪನ ನಂತರ ಅಣ್ಣ ನಡೆಸಿದ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ, ಪಟ ತೊಳೆಯುವ ಹೈಪೋವಿನ ವಾಸನೆಯಲ್ಲಿ ಬೆಳೆದ ಹುಡುಗಿ ನಾನು. ಮದುವೆಯಾಗಿ ರಾಮಕುಂಜದ ಕಡೆಯ ಈ ಮನೆಗೆ ಬರುವಾಗ ಅಣ್ಣ ಒಂದು ಹಳೆಯ ಪೆಟ್ಟಿಗೆ ಕ್ಯಾಮೆರಾವನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟು ಕಳಿಸಿದ್ದ. ಮಾವ ಅದನ್ನು ನೋಡಿದ ದಿನ, "ಮನುಷ್ಯರ ಪಟ ತೆಗೆದ್ರೆ ಆಯುಸ್ಸು ಕಡಿಮೆ. ಈ ಮನೆಯಲ್ಲಿ ಅದೆಲ್ಲ ಬೇಡ" ಎಂದರು. ಹಾಗಾಗಿ ನಾನು ಕರುವಿನ ಪಟ ತೆಗೆದೆ, ಬಾವಿಕಟ್ಟೆಯ ಪಟ ತೆಗೆದೆ. ಮಾವನಿಗೆ ಆಯುಸ್ಸಿನ ಲೆಕ್ಕ ಬಹಳ. ಯಾರಿಗೆ ಯಾವುದರಿಂದ ಕೇಡು ಎಂದು ನಿಂತಲ್ಲೇ ಹೇಳಿಬಿಡುತ್ತಿದ್ದರು, ಯಾರೂ ಎದುರು ಮಾತಾಡುತ್ತಿರಲಿಲ್ಲ. ನನ್ನ ಗಂಡನಂತೂ ತಂದೆಯ ಎದುರು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ.

ನನಗೊಬ್ಬ ಮೈದುನ ಇದ್ದ. ನಾನು ಬಂದ ಮೊದಲ ವರ್ಷಗಳಲ್ಲಿ ರಜೆಗೆ ಬರುತ್ತಿದ್ದ, ಅಂಗಳದಲ್ಲಿ ಕೂತು ಅತ್ತೆಗೆ ಕಾಗದದ ವಿಮಾನ ಮಾಡಿ ಹಾರಿಸಿ ತೋರಿಸುತ್ತಿದ್ದ. ಮದ್ರಾಸಿನಲ್ಲಿ ಓದಿ, ವಿಮಾನ ಬಿಡುವುದನ್ನು ಕಲಿತು, ಅದೇ ಕೆಲಸಕ್ಕೆ ಸೇರಿದ. ಅಷ್ಟರವರೆಗೆ ಮಾವನಿಗೆ ಹೆಮ್ಮೆಯೇ. ಉಪ್ಪಿನಂಗಡಿಯ ಸಂತೆಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳಿದ್ದರು. ಆಮೇಲೆ ಅವನು ಅಲ್ಲೇ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ ಸುದ್ದಿ ಬಂತು. ಮಾವ ಪುರೋಹಿತರನ್ನು ಕರೆಸಿ, ಬದುಕಿ ಗಟ್ಟಿಮುಟ್ಟಾಗಿದ್ದ ಮಗನಿಗೆ ಸತ್ತವರಿಗೆ ಬಿಡುವ ಹಾಗೆ ಎಳ್ಳುನೀರು ಬಿಟ್ಟರು. ಮನೆಯವರೆಲ್ಲ ತಲೆಗೆ ನೀರು ಸುರಿದುಕೊಳ್ಳಬೇಕಾಯಿತು. ಅತ್ತೆ ಬಾವಿಕಟ್ಟೆಯಲ್ಲಿ ಕೂತವರು ಏಳಲಿಲ್ಲ. ನಾನೇ ಹೋಗಿ ಕೊಡ ಎತ್ತಿ ಸುರಿದೆ. ಅವನು ಮದ್ರಾಸಿನಿಂದ ಕಳಿಸಿದ್ದ ಪಟಗಳೆಲ್ಲ ಬಚ್ಚಲ ಒಲೆಗೆ ಹೋದವು.

ಆ ದಿನ ಮಾವ ಅತ್ತೆಯನ್ನು ಎದುರು ನಿಲ್ಲಿಸಿ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ನೀರು ಬಿಟ್ಟಾಯ್ತು. ಇನ್ನು ಹೆತ್ತವಳು ಅವನ ಮುಖ ನೋಡಿದ್ರೆ ಅವನ ಪ್ರಾಣಕ್ಕೇ ಕೇಡು. ನೆನಪಿಟ್ಟುಕೋ." ಯಾವ ಶಾಸ್ತ್ರದಲ್ಲಿದೆ ಅದು? ಜಗಲಿಯಿಂದ ಇಳಿಯುತ್ತಿದ್ದ ಪುರೋಹಿತರು ಒಂದು ಕ್ಷಣ ನಿಂತು ಮಾವನ ಮುಖ ನೋಡಿದರು, ಮತ್ತೆ ಮೆಟ್ಟಿಲು ಇಳಿದು ಹೊರಟುಹೋದರು. ಅವರಿಗೂ ಅದು ಹೊಸತೇ ಇರಬೇಕು. ಹೆಂಡತಿ ಕದ್ದುಮುಚ್ಚಿ ಮಗನ ಹತ್ತಿರ ಹೋದಾಳು ಎಂಬ ಹೆದರಿಕೆಗೆ ಮಾವ ಬಾಯಿಗೆ ಬಂದದ್ದನ್ನು ಹೇಳಿದರು, ಅತ್ತೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ತನಗೆ ಕೇಡು ಎಂದಿದ್ದರೆ ಅವರು ಕೇಳುತ್ತಿರಲಿಲ್ಲ. ಮಗನಿಗೆ ಕೇಡು ಎಂದರು, ಅಷ್ಟು ಸಾಕಾಯಿತು.

ಒಂದೆರಡು ವರ್ಷ ಕಳೆದು, ಸಾವಿರದ ಒಂಬೈನೂರ ಅರವತ್ತರ ಆಚೀಚೆ, ನಾನು ತವರಿಗೆ ಹೋದಾಗ ಅಣ್ಣ ಅಂಗಡಿಯ ಹಿಂದಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದ: "ನಿನ್ನ ಮೈದುನ ಈಗ ಬೆಂಗಳೂರಿನ ಕಡೆಯಿಂದ ಬಜ್ಪೆಗೆ ಬರುವ ವಿಮಾನ ಬಿಡುದಂತೆ. ಮಂಗಳೂರಲ್ಲಿ ಕಂಡವರು ಹೇಳಿದ್ರು. ಯಾವಾಗಲೂ ಅವನೇ ಅಂತ ಅಲ್ಲ, ಕೆಲವು ಸರ್ತಿ."

ಮನೆಗೆ ಬಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಆರಿಸುತ್ತಲೇ, "ಅದಾ, ಮಧ್ಯಾಹ್ನಕ್ಕೆ ಮೊದಲು ಒಂದು ಶಬ್ದ ಬರ್ತದಲ್ಲ, ಅದಾ?" ಎಂದು ಕೇಳಿದರು. ಅದೇ. ನಮ್ಮ ಊರಿನ ಮೇಲೆ ಹೋಗುವ ಏಕೈಕ ವಿಮಾನ, ಎರಡು ಪಂಖದ ಡಕೋಟ. ಮರುದಿನದಿಂದ ಅತ್ತೆಯ ಕಿವಿ ಬೇರೆಯೇ ಆಯಿತು. ನಮಗೆ ಯಾರಿಗೂ ಕೇಳುವ ಮೊದಲು ಅವರಿಗೆ ಕೇಳುತ್ತಿತ್ತು. ಒಲೆಯ ಮೇಲಿನ ಸಾರು ಉಕ್ಕಲಿ, ಕೈಯಲ್ಲಿ ಹಿಟ್ಟಿರಲಿ, ಹಿತ್ತಿಲ ಬಾಗಿಲಿಗೆ ಓಡುತ್ತಿದ್ದರು. ಓಡಿ ಏನು ಪ್ರಯೋಜನ? ನಮ್ಮದು ತಗ್ಗಿನ ಮನೆ. ಸುತ್ತ ತೋಟ, ತಲೆಯ ಮೇಲೆ ತೆಂಗಿನ ಗರಿ. ಆಕಾಶ ಅಂತ ಇದ್ದದ್ದು ಅಕ್ಕಿ ಗೇರುವ ಒಂದು ಗೆರಸೆಯಷ್ಟು. ಶಬ್ದ ಬಂದು, ದೊಡ್ಡದಾಗಿ, ಕಡಿಮೆಯಾಗಿ ಹೋಗುತ್ತಿತ್ತು. ವಿಮಾನ ಕಾಣುತ್ತಿರಲಿಲ್ಲ. ಪ್ರತಿ ವಿಮಾನವೂ ಅವರಿಗೆ ಮಗನದೇ. "ಇವತ್ತು ಅವನೇ. ಶಬ್ದದಲ್ಲೇ ಗೊತ್ತಾಗ್ತದೆ" ಎನ್ನುತ್ತಿದ್ದರು. ಅಲ್ಲ ಎಂದು ಹೇಳಲು ನಾನು ಯಾರು?

ಸ್ಟುಡಿಯೋದ ಮಗಳಿಗೆ ಒಂದು ಚಟ ಇರುತ್ತದೆ, ಯಾವುದನ್ನು ಎಲ್ಲಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ ಎಂದು ಹುಡುಕುವುದು. "ಅತ್ತೇ, ಇಲ್ಲಿಂದ ಆಗುದಿಲ್ಲ. ಗುಡ್ಡೆಗೆ ಹೋಗುವ" ಎಂದೆ.

ಗುಡ್ಡೆಗೆ ಹೋಗಲು ನೆಪಕ್ಕೆ ಬರಗಾಲ ಇರಲಿಲ್ಲ. ಬೇಸಗೆಯಲ್ಲಿ ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸಿ ತರುವುದು ಹೆಂಗಸರದೇ ಕೆಲಸ. ಕೆಲಸದವರು ಬೆಳಿಗ್ಗೆಯೇ ಹೋಗಿ ಬರುತ್ತಿದ್ದರು. ಅತ್ತೆ ಸೊಸೆ ನಾವು ಬಿಸಿಲು ಏರಿದ ಮೇಲೆ ಬುಟ್ಟಿ ಹಿಡಿದು ಹೊರಟೆವು. ಬುಟ್ಟಿಯ ತಳದಲ್ಲಿ ಕ್ಯಾಮೆರಾ, ಅದರ ಮೇಲೆ ತಲೆಗೆ ಸುತ್ತುವ ಒಂದು ಬೈರಾಸ. ಮಾವ ಜಗಲಿಯಲ್ಲಿ ಕೂತು, "ಈ ವರ್ಷ ನಿಮಗೆ ಎಂತ ಇಷ್ಟು ಉಮೇದು?" ಎಂದರು. ಹಟ್ಟಿ ಚೊಕ್ಕ ಇರಬೇಕಲ್ಲ ಎಂದೆ.

ಗುಡ್ಡೆಯ ನೆತ್ತಿಯಲ್ಲಿ ಬೋಳು ಪಾದೆಕಲ್ಲು. ಅಲ್ಲಿಂದ ಮೂಡಣಕ್ಕೆ ಘಟ್ಟದ ಸಾಲು ಇಡೀ ಕಾಣುತ್ತದೆ. ಮೊದಲ ದಿನ ಘಟ್ಟದ ಮೇಲಿಂದ ಒಂದು ಚುಕ್ಕೆ ಬಂತು, ಹದ್ದಿನಷ್ಟಾಯಿತು, ನಮ್ಮ ಬಲಗಡೆಯಿಂದ ದಾಟಿ ಪಡುವಣಕ್ಕೆ ಇಳಿಯುತ್ತಾ ಹೋಯಿತು. ಅತ್ತೆ ಬುಟ್ಟಿ ಕೆಳಗಿಟ್ಟು ಎರಡೂ ಕೈ ಹಣೆಗೆ ಹಿಡಿದು ನೋಡಿದರು. ವಿಮಾನ ನೋಡಬಹುದು, ಮುಖ ನೋಡಬಾರದು ಎಂದು ಅವರೇ ಒಂದು ತೀರ್ಮಾನ ಮಾಡಿಕೊಂಡಿದ್ದರು. ಅಷ್ಟು ಮೇಲಿನ ವಿಮಾನದಲ್ಲಿ ಮುಖ ಕಾಣುವುದುಂಟೆ? ಆದರೂ ಅದು ಸರೀ ನಮ್ಮ ನೇರಕ್ಕೆ ಬಂದಾಗ ಒಂದು ಕ್ಷಣ ತಲೆ ತಗ್ಗಿಸುತ್ತಿದ್ದರು.

ಪಟದ ವಿಷಯದಲ್ಲಿ ಆ ಪಾದೆ ನನ್ನನ್ನು ಗೋಳುಹೊಯ್ದುಕೊಂಡಿತು. ವಿಮಾನ ಬರುವುದು ಮೂಡಣದಿಂದ, ಬಿಸಿಲೂ ಆ ಹೊತ್ತಿಗೆ ಮೂಡಣದ ಕಡೆಯಿಂದಲೇ. ಮರಳಿ ಹೋಗುವಾಗ ಪಡುವಣದಿಂದ ಬರುತ್ತದೆ, ಅಷ್ಟರಲ್ಲಿ ಬಿಸಿಲೂ ಪಡುವಣಕ್ಕೆ ತಿರುಗಿರುತ್ತದೆ. ಹೇಗೆ ತೆಗೆದರೂ ಬಿಳಿ ಆಕಾಶದಲ್ಲಿ ಒಂದು ಕರಿ ಕಲೆ. ಅಣ್ಣ ತೊಳೆದು ಕೊಟ್ಟ ಪಟ ನೋಡಿ, "ಇದು ನೊಣವಾ?" ಎಂದ. ನಮ್ಮನ್ನು ದಾಟಿಹೋದ ಮೇಲೆ ತೆಗೆದರೆ ಬೆಳಕು ಚೆನ್ನಾಗಿ ಬೀಳುತ್ತಿತ್ತು, ಆದರೆ ಸಿಗುವುದು ಬಾಲ. ಅತ್ತೆಗೆ ತೋರಿಸಿದರೆ, "ಬಾಲ ಎಂತಕ್ಕೆ ಮಾರಾಯ್ತಿ? ಅವ ಕೂತುಕೊಳ್ಳುದು ಎದುರಲ್ಲಿ ಅಲ್ವಾ" ಎಂದರು.

ತವರಿನಲ್ಲಿ ಒಂದು ಉಪನಯನಕ್ಕೆ ಹೋದಾಗ ಪುತ್ತೂರಿನ ಬೀರಮಲೆ ಗುಡ್ಡೆಯನ್ನೂ ಹತ್ತಿ ನೋಡಿದೆವು. ಎತ್ತರದ ಜಾಗ, ನಾಲ್ಕು ದಿಕ್ಕೂ ಬಯಲು, ಇನ್ನೇನು ಬೇಕು ಎಂದುಕೊಂಡಿದ್ದೆ. ವಿಮಾನ ಉತ್ತರಕ್ಕೆ ದೂರದಲ್ಲಿ ಸೊಳ್ಳೆಯ ಹಾಗೆ ಹೋಯಿತು. ಎತ್ತರವಾದರೆ ಹತ್ತಿರ ಎಂದು ತಿಳಿಯುವುದು ತಪ್ಪು. ವಿಮಾನದ ದಾರಿ ಎಲ್ಲಿ ಅಂತ ನೋಡಬೇಕು. ಗಾಳಿ ತಿನ್ನಲು ಬಂದ ಪೇಟೆಯ ಗಂಡಸರು ಇಬ್ಬರು ಅಲ್ಲಿದ್ದರು. ಹೆಂಗಸಿನ ಕೈಯಲ್ಲಿ ಕ್ಯಾಮೆರಾ ಕಂಡರೆ ಗಂಡಸರಿಗೆ ಎಲ್ಲಿಲ್ಲದ ವಿದ್ಯೆ ನೆನಪಾಗುತ್ತದೆ. ಒಬ್ಬ ಕ್ಯಾಮೆರಾವನ್ನು ಹೇಗೆ ಹಿಡಿಯಬೇಕು ಎಂದು ಹೇಳಿಕೊಟ್ಟ, ತಲೆಕೆಳಗಾಗಿ. ಇನ್ನೊಬ್ಬ ಅತ್ತೆಯನ್ನು ಕೇಳಿದ, "ವಿಮಾನ ನೋಡ್ಲಿಕ್ಕಾ ಅಮ್ಮ ಈ ಪ್ರಾಯದಲ್ಲಿ?" ಅತ್ತೆ ಸೆರಗು ಸರಿಮಾಡಿಕೊಂಡು ಇಳಿಯಲು ಹೊರಟರು. ಇಳಿಯುವಾಗ ದಾರಿಯಲ್ಲಿ, "ಅದು ಇಳಿಯುವ ಜಾಗಕ್ಕೇ ಹೋದ್ರೆ ಆಗುದಿಲ್ವಾ?" ಎಂದರು.

ಬಜ್ಪೆಯಿಂದ ಕಟೀಲು ದೇವಸ್ಥಾನ ಹತ್ತಿರ. ನಮ್ಮ ಮನೆಯಿಂದ ಕಟೀಲಿಗೆ ಹೋಗುತ್ತೇವೆಂದರೆ ಮಾವನಾದರೂ ಬೇಡ ಎನ್ನುವ ಹಾಗಿಲ್ಲ. ಅತ್ತೆಗೆ ಸುಳ್ಳು ಹೇಳಲು ಮನಸ್ಸಿಲ್ಲ. ಹಾಗಾಗಿ ನಿಜವಾಗಿಯೇ ಒಂದು ಹರಕೆ ಹೇಳಿಕೊಂಡರು. ಏನೆಂದು ಕೇಳಿದೆ. "ಅವನ ವಿಮಾನ ಬೀಳದ ಹಾಗೆ" ಎಂದರು. ನನ್ನ ಗಂಡ ಅಡಿಕೆ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡರು, ಅಣ್ಣ ಉಪ್ಪಿನಂಗಡಿಯಲ್ಲಿ ನಮ್ಮ ಜೊತೆ ಬಸ್ಸು ಹತ್ತಿದ.

ಅಮ್ಮನವರ ದರ್ಶನ ಮುಗಿಸಿ ಬಜ್ಪೆಗೆ ಬಂದಾಗ ಎದುರಿಗೆ ಕಂಡದ್ದು ಕೆಂಪು ಮುರಕಲ್ಲಿನ ಗುಡ್ಡೆ, ಗೇರುಮರ, ಒಣಗಿದ ಮುಳಿಹುಲ್ಲು. ನಮ್ಮ ಗುಡ್ಡೆಯೇ, ತಲೆ ಮಾತ್ರ ಚಪ್ಪಟೆ ಮಾಡಿದ್ದಾರೆ. ಎಲ್ಲರೂ ನಿಲ್ಲುವುದು ಕಟ್ಟಡದ ಬಳಿ. ನಾನು ಗಾಳಿ ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲವನ್ನು ನೋಡಿದೆ. ಅದು ನಮ್ಮ ಕಡೆಗೆ ಉಬ್ಬಿತ್ತು. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ ಎಂದು ಅಣ್ಣ ಯಾರಿಂದಲೋ ಕೇಳಿದ್ದ. ಹಾಗಾದರೆ ಈ ತುದಿಯಿಂದಲೇ ಬರಬೇಕು. ಗೇರುಮರಗಳ ಕೆಳಗೆ ಗುಡ್ಡೆಯ ಬದಿ ಸುತ್ತಿಕೊಂಡು ವಿಮಾನದ ಓಟದ ದಾರಿ ಮುಗಿಯುವಲ್ಲಿಗೆ, ಸ್ವಲ್ಪ ತಗ್ಗಿಗೆ ಹೋಗಿ ನಿಂತೆವು. ಬಿಸಿಲು ನಮ್ಮ ಬೆನ್ನಿಗೆ. ಇಷ್ಟು ವರ್ಷ ಹುಡುಕಿದ ಜಾಗ ಇದೇ ಎಂದು ನನಗೆ ಆಗಲೇ ಗೊತ್ತಾಯಿತು.

ಅದು ಬಂದದ್ದನ್ನು ಹೇಗೆ ಹೇಳಲಿ! ಮೊದಲು ಸಣ್ಣದು, ನಿಂತ ಹಾಗೆಯೇ ಇತ್ತು. ಆಮೇಲೆ ಒಮ್ಮೆಲೇ ಮೂಗು, ಎರಡು ಪಂಖ, ಕೆಳಗಿಳಿಸಿದ ಚಕ್ರ, ಹೊಟ್ಟೆಯ ಮೇಲಿನ ಎಣ್ಣೆಯ ಕಲೆ ಸಹ ಕಂಡಿತು. ಅತ್ತೆ ಚೀರಿ ಕುಳಿತುಬಿಟ್ಟರು. ಮುಳಿಹುಲ್ಲೆಲ್ಲ ಒಂದೇ ಕಡೆ ಮಲಗಿತು. ವಿಮಾನ ದಾಟಿ ಹೋದ ಮೇಲೆ ಅವರು ಎದ್ದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಷ್ಟು ದೊಡ್ಡದು ಮಾರಾಯ್ತಿ! ಇದನ್ನು ಅವ ಬಿಡುದಾ? ಎತ್ತಿನ ಗಾಡಿ ಬಿಡ್ಲಿಕ್ಕೆ ಬರ್ತಿರಲಿಲ್ಲ ಅವನಿಗೆ!" ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ಅಷ್ಟು ಬಾಯಿ ತುಂಬ ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ. ಆ ದಿನದ ಪಟ ಚೆನ್ನಾಗಿ ಬಂತು. ಅಣ್ಣ ಅದನ್ನು ದೊಡ್ಡದು ಮಾಡಿ ಸ್ಟುಡಿಯೋದ ಗಾಜಿನಲ್ಲಿ ಇಟ್ಟ. ತೆಗೆದವರು ಯಾರು ಎಂದು ಕೇಳಿದವರಿಗೆ ತಂಗಿ ಎಂದು ಹೇಳಿದರೆ ನಂಬುತ್ತಿರಲಿಲ್ಲವಂತೆ.

ಅಲ್ಲಿಗೆ ನಿಲ್ಲಿಸಿದ್ದರೆ! ಆದರೆ ಯಾಕೆ ನಿಲ್ಲಿಸಬೇಕು? ಹೆತ್ತ ತಾಯಿ ಮಗನ ವಿಮಾನ ನೋಡಿ ಸಾಕು ಎಂದು ತೃಪ್ತಿಪಡಬೇಕು ಎಂಬ ನ್ಯಾಯ ಎಲ್ಲಿಯದು? ಅತ್ತೆ ಆ ಪಟವನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು. ಒಂದು ಮಧ್ಯಾಹ್ನ ಮಾವ ಮಲಗಿದ್ದಾಗ ಅದನ್ನು ತೆಗೆದು, ವಿಮಾನದ ಮೂಗಿನ ಮೇಲಿನ ಗಾಜನ್ನು ಬೆರಳಲ್ಲಿ ತೋರಿಸಿದರು. "ಇದರ ಒಳಗೆ ಇದ್ದಾನೆ. ಕಾಣುದಿಲ್ಲ." ಆಮೇಲೆ ಪಟವನ್ನು ಮತ್ತೆ ಸೀರೆಯ ಮಡಿಕೆಯೊಳಗೆ ಇಡುತ್ತಾ ಕೇಳಿದರು: "ಪಟದಲ್ಲಿ ನೋಡಿದ್ರೆ ಮುಖ ನೋಡಿದ ಹಾಗೆ ಆಗುದಿಲ್ಲ ಅಲ್ವಾ?"

ನಾನು ಆಗುವುದಿಲ್ಲ ಎಂದೆ. ಮಾವ ಹೇಳಿದ್ದೆಲ್ಲ ಸುಳ್ಳು, ನೋಡಿದರೆ ಏನೂ ಆಗುವುದಿಲ್ಲ ಎಂದೂ ಹೇಳಿದೆ, ಒಂದು ಸಲವಲ್ಲ, ಹತ್ತು ಸಲ ಹೇಳಿದ್ದೆ. ಅವರು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟರು: "ಸುಳ್ಳಾದ್ರೆ ಒಳ್ಳೆಯದು. ನಿಜ ಆದ್ರೆ? ಅವ ಇರುದು ಆಕಾಶದಲ್ಲಿ." ನೆಲದ ಮೇಲೆ ಕೆಲಸ ಮಾಡುವ ಮಗನಾಗಿದ್ದರೆ ಅವರು ಧೈರ್ಯ ಮಾಡುತ್ತಿದ್ದರೋ ಏನೋ.

ಎರಡನೆಯ ಸಲ ಹೊರಟದ್ದು ಮುಖಕ್ಕಾಗಿ. ಅಣ್ಣ ಮಂಗಳೂರಿನ ಪರಿಚಯದವರಿಂದ ಮೈದುನ ಬರುವ ದಿನವನ್ನು ತಿಳಿದುಕೊಂಡಿದ್ದ. ಅವನಿಗೆ ಮೊದಲೇ ಹೇಳಿ ಕಳಿಸುವ ಎಂದೆ, ಅತ್ತೆ ಒಪ್ಪಲಿಲ್ಲ. ಗೊತ್ತಾದರೆ ಅವನು ಎದುರು ಬಂದು ನಿಲ್ಲುತ್ತಾನೆ, ನೋಡದೆ ಇರಲು ತನ್ನಿಂದ ಆಗುವುದಿಲ್ಲ ಎಂದರು. ಹಾಗಾಗಿ ಈ ಸಲ ಬೇರೆಯೇ ಜಾಗ ಬೇಕಾಯಿತು. ಗೇರುಮರದ ತಗ್ಗಿನಲ್ಲಿ ವಿಮಾನ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಕಟ್ಟಡದ ಎದುರು ನಿಂತರೆ ಜನರ ತಲೆ ಅಡ್ಡ. ಕಟ್ಟಡದಿಂದ ಸ್ವಲ್ಪ ಆಚೆಗೆ, ತಂತಿಬೇಲಿ ತಿರುಗುವ ಮೂಲೆಯಲ್ಲಿ ಒಂದು ಕಲ್ಲಿನ ಕಂಬ ಇತ್ತು. ವಿಮಾನ ನಿಲ್ಲುವ ಜಾಗಕ್ಕೆ ಅದು ಹತ್ತಿರ, ಬಿಸಿಲು ಓರೆಯಾಗಿ ಬೆನ್ನಿನಿಂದ, ಮತ್ತು ಇಳಿದವರು ಕಟ್ಟಡಕ್ಕೆ ಹೋಗುವಾಗ ನಮ್ಮ ಕಡೆ ಮುಖ ಮಾಡಿಯೇ ನಡೆಯಬೇಕು. ಕ್ಯಾಮೆರಾ ಹಿಡಿದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಅಲ್ಲಿ ಇನ್ನೊಂದಿಲ್ಲ. ಅಣ್ಣ ಬಸ್ಸಿನ ಹೊತ್ತು ಕೇಳಿಕೊಂಡು ಬರಲು ರಸ್ತೆಗೆ ಹೋದ. ಅತ್ತೆ ಕಂಬದ ಪಕ್ಕದಲ್ಲಿ ತಂತಿ ಹಿಡಿದು ನಿಂತರು. "ವಿಮಾನ ನೋಡ್ತೇನೆ. ಬಾಗಿಲು ತೆಗೆದ ಕೂಡಲೇ ಬೆನ್ನು ಹಾಕ್ತೇನೆ. ನೀನು ಪಟ ತೆಗಿ" ಎಂದರು. ನಾನು ಅವರ ಹಿಂದೆ ನಾಲ್ಕು ಮಾರು ದೂರದಲ್ಲಿ ಕ್ಯಾಮೆರಾವನ್ನು ಸೊಂಟಕ್ಕೆ ಒತ್ತಿ ಹಿಡಿದೆ.

ವಿಮಾನ ಬಂದು ಬಾಲ ಕೆಳಗೆ, ಮೂಗು ಮೇಲೆ ಮಾಡಿ ನಿಂತಿತು. ಪಂಖ ನಿಂತಿತು. ಬಾಗಿಲು ತೆರೆಯಿತು, ಏಣಿ ಇಟ್ಟರು, ಜನ ಇಳಿದರು. ಅತ್ತೆ ಬೆನ್ನು ಹಾಕಲಿಲ್ಲ. ಮರೆತರೋ, ಮನಸ್ಸು ಬರಲಿಲ್ಲವೋ. ಕೊನೆಗೆ ಬಿಳಿ ಉಡುಪಿನ ಇಬ್ಬರು ಇಳಿದರು. ಉದ್ದದವನ ನಡಿಗೆಯಲ್ಲೇ ಗೊತ್ತಾಯಿತು, ಎಡಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುವುದು ಆ ಮನೆಯ ಗಂಡಸರ ನಡಿಗೆ.

ಅವನು ಮಾತಾಡುತ್ತಾ ಬರುತ್ತಿದ್ದವನು ಬೇಲಿಯ ಕಡೆ ಸುಮ್ಮನೆ ಒಮ್ಮೆ ನೋಡಿದ. ಮುಂದಕ್ಕೆ ನಡೆದ. ಮತ್ತೆ ತಿರುಗಿ ನೋಡಿದ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬೇಲಿಯ ಕಡೆಗೆ ಬಂದ. ಮೊದಲು ನಡೆದು, ಆಮೇಲೆ ಓಡಿ. "ಅಮ್ಮಾ" ಎಂದು ಕೂಗಿದ. ಕ್ಯಾಮೆರಾದ ಸಣ್ಣ ಗಾಜಿನಲ್ಲಿ ಅವನು ದೊಡ್ಡವನಾಗುತ್ತಾ ಬರುವುದನ್ನು ನಾನು ನೋಡಿದೆ. ಅವನು ಬೇಲಿಗೆ ಕೈ ಇಡುವಷ್ಟು ಹತ್ತಿರ ಬಂದಾಗ ಅತ್ತೆ ಗಕ್ಕನೆ ತಿರುಗಿ ನನ್ನ ಕಡೆ ಮುಖ ಮಾಡಿದರು. ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದರು. ತುಟಿ ಅಲ್ಲಾಡುತ್ತಿತ್ತು. ಅವರ ಹೆಗಲಿನಾಚೆ ಬೇಲಿಯ ಹಿಂದೆ ಅವನ ಮುಖ. ನನ್ನ ಬೆರಳು ಗುಂಡಿ ಒತ್ತಿತು.

"ಅತ್ತೇ, ನೋಡಿ, ಅವ ಬಂದಿದ್ದಾನೆ, ಏನೂ ಆಗುದಿಲ್ಲ, ತಿರುಗಿ" ಎಂದೆ. ಅವರು ಕಣ್ಣು ತೆರೆಯದೆ ತಲೆ ಅಲ್ಲಾಡಿಸಿದರು. ನಾನು ಅವನ ಹೆಸರು ಹಿಡಿದು ಕೂಗಿದೆ, ನಿಲ್ಲು, ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಕಾವಲಿನವನೊಬ್ಬ ಓಡಿಬಂದು, ಇಲ್ಲಿ ಫೋಟೋ ತೆಗೆಯಬಾರದು ಎಂದು ಕ್ಯಾಮೆರಾಕ್ಕೆ ಕೈ ಹಾಕಿದ. ನಾನು ಎಳೆದೆ, ಅವನು ಎಳೆದ. ಬಿಡಿಸಿಕೊಂಡು ನೋಡುವಾಗ ಬೇಲಿಯ ಆಚೆ ಯಾರೂ ಇರಲಿಲ್ಲ. ಬಿಳಿ ಬೆನ್ನೊಂದು ಕಟ್ಟಡದ ಒಳಗೆ ಹೋಗುತ್ತಿತ್ತು. ನಾನು ಅಲ್ಲಿಗೆ ಓಡಲು ಹೊರಟರೆ ಅತ್ತೆ ನನ್ನ ರಟ್ಟೆ ಹಿಡಿದು ಬಿಡಲಿಲ್ಲ. "ಇನ್ನೊಮ್ಮೆ ಎದುರು ಬಂದ್ರೆ ನಾನು ನೋಡಿಬಿಡ್ತೇನೆ. ಬಾ, ಹೋಗುವ. ಅವ ಹಿಂದೆ ಹೋಗುವಾಗ ವಿಮಾನ ಬಿಡ್ಲಿಕ್ಕೆ ಉಂಟು." ಆ ಮುದುಕಿಯ ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ.

ಅಣ್ಣನ ಮೂಲಕ ಮೈದುನನಿಗೆ ಎಲ್ಲವನ್ನೂ ಹೇಳಿಸಿದೆ. ಅಣ್ಣ ಮಂಗಳೂರಿಗೆ ಹೋಗಿ ಅವನನ್ನು ಕಂಡು ಬಂದ. ಅವನು ಕೇಳಿ, "ಅಪ್ಪ ಹೇಳಿದ್ದನ್ನು ಅಮ್ಮ ನಂಬಿದ್ರು, ಅಷ್ಟೇ ಅಲ್ವಾ? ನನಗಿಂತ ಅದು ಹೆಚ್ಚಾಯ್ತು. ಕಣ್ಣಾರೆ ನೋಡಿದ್ದೇನೆ, ಇನ್ನು ಹೇಳುದು ಬೇಡ" ಎಂದನಂತೆ. ನನಗೆ ಮಾವನ ಮೇಲಿದ್ದಷ್ಟೇ ಸಿಟ್ಟು ಅವನ ಮೇಲೂ ಬಂತು. ಮೋಡದ ನಡುವೆ ಬಜ್ಪೆಯ ಗುಡ್ಡೆ ಹುಡುಕಿ ವಿಮಾನ ಇಳಿಸುವವನಿಗೆ, ತನ್ನ ತಾಯಿ ಯಾಕೆ ಕಣ್ಣು ಮುಚ್ಚಿದಳು ಎಂದು ತಿಳಿಯಲಿಲ್ಲ. ಅವನೂ ಆ ಅಪ್ಪನ ಮಗನೇ. ಕೆಲವೇ ತಿಂಗಳಲ್ಲಿ ಕಲ್ಕತ್ತದ ಕಡೆಗೆ ವರ್ಗ ಮಾಡಿಸಿಕೊಂಡು ಹೋದ ಎಂದು ಕೇಳಿದೆವು.

ಪಟ ತೊಳೆದು ಬಂದಾಗ ಕೊಡುವುದೋ ಬೇಡವೋ ಎಂದು ಯೋಚಿಸಿದೆ. ಕೊಟ್ಟೆ. ಅವರು ಕೇಳಿದ್ದು ಅದನ್ನೇ ಅಲ್ಲವೆ? ಬಟ್ಟೆಪೆಟ್ಟಿಗೆಯ ಮರೆಯಲ್ಲಿ ಕೂತು ನೋಡಿದರು. ತನ್ನ ಮುಖವನ್ನು ನೋಡಲೇ ಇಲ್ಲ, ಅವನ ಮುಖವನ್ನೇ ನೋಡಿದರು. "ಇವ ಎಂತಕ್ಕೆ ಹೀಗೆ ಮುಖ ಮಾಡಿದ್ದು?" ಎಂದು ಕೇಳಿದರು.

"ಬಿಸಿಲು ಅತ್ತೆ. ಬಿಸಿಲು ಅವನ ಕಣ್ಣಿಗೆ ಹೊಡೀತಿತ್ತು" ಎಂದೆ.

"ಬಿಸಿಲಾದ್ರೆ ಟೊಪ್ಪಿ ಹಾಕಿಕೊಳ್ತಿದ್ದ. ಕೈಯಲ್ಲೇ ಉಂಟಲ್ಲ" ಎಂದರು.

ಆಮೇಲೆ ಅವರು ಗುಡ್ಡೆಗೆ ಬರಲಿಲ್ಲ. ಶಬ್ದ ಕೇಳಿದರೆ ಹಿತ್ತಿಲ ಬಾಗಿಲಿಗೂ ಹೋಗುತ್ತಿರಲಿಲ್ಲ, ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಈಗ ಅದನ್ನು ಬಿಡುವುದು ಬೇರೆ ಯಾರೋ ಎಂದು ಅವರಿಗೂ ಗೊತ್ತಿತ್ತು. ವಿಮಾನ ಮಾತ್ರ ದಿನಾ ಹೋಗುತ್ತಲೇ ಇತ್ತು. ಆಮೇಲಿನ ವರ್ಷಗಳಲ್ಲಿ ಇನ್ನೂ ದೊಡ್ಡ ವಿಮಾನ ಬಂತು, ಇನ್ನೂ ಹೆಚ್ಚು ಶಬ್ದ ಮಾಡುತ್ತಿತ್ತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಹೋದರು. ಅಣ್ಣ ಕಲ್ಕತ್ತದ ಕಡೆ ಹೇಳಿಸಿದ್ದ. ಯಾರೂ ಬರಲಿಲ್ಲ, ಬಂದಿದ್ದರೂ ಮಾವ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಬಂದವರೊಬ್ಬರು ಪಟ ಎಲ್ಲಿ ಎಂದು ಕೇಳಿದರು. ಮಾವ ಸುತ್ತ ನೋಡಿದರು. "ಅವಳದ್ದು ಒಂದು ಪಟವೂ ಇಲ್ವಾ ಈ ಮನೆಯಲ್ಲಿ?" ಎಂದು ನನ್ನನ್ನೇ ಕೇಳಿದರು, ಪಟ ತೆಗೆದರೆ ಆಯುಸ್ಸು ಕಡಿಮೆ ಎಂದು ಹೇಳಿದವರು. ಒಂದುಂಟು ಮಾವ, ಕಟೀಲಿಗೆ ಹೋದಾಗ ತೆಗೆದದ್ದು ಎಂದೆ.

ಅಣ್ಣ ಅದನ್ನು ದೊಡ್ಡದು ಮಾಡಿಕೊಟ್ಟ. ಮೈದುನನ ಮುಖ ಬಾರದ ಹಾಗೆ ಮರೆಮಾಡಿ ಹಾಕುತ್ತೇನೆ ಎಂದ, ಬೇಡ, ಇಡೀ ಹಾಕು ಎಂದೆ. ಪಟದಲ್ಲಿ ಅತ್ತೆಯ ಮುಖಕ್ಕೂ ಅವನ ಮುಖಕ್ಕೂ ನಡುವೆ ಆ ಕಲ್ಲಿನ ಕಂಬ ನೆಟ್ಟಗೆ ನಿಂತಿತ್ತು. ಕಂಬದ ಗೆರೆಯಲ್ಲೇ ಕಾಗದವನ್ನು ಹಿಂದಕ್ಕೆ ಮಡಚಿದೆ. ಮುಂದೆ ಅತ್ತೆಯ ಮುಖ, ಬೆನ್ನಿಗೆ ಬೆನ್ನು ತಾಗಿಸಿ ಹಿಂದೆ ಮಗನ ಮುಖ. ಹಾಗೆಯೇ ಚೌಕಟ್ಟಿಗೆ ಹಾಕಿಸಿ ಮೊಳೆ ಹೊಡೆಸಿದೆ.

ಮಾವ ದಿನಾ ಪೂಜೆಯ ಮೇಲೆ ಆ ಪಟಕ್ಕೆ ಒಂದು ದಾಸವಾಳ ಇಡಲು ಸುರುಮಾಡಿದರು. ಬದುಕಿದ್ದಾಗ ಹೆಂಡತಿಗೆ ಒಂದು ಹೂ ತಂದುಕೊಟ್ಟವರಲ್ಲ. ಕೆಲವು ತಿಂಗಳಾದ ಮೇಲೆ ಒಂದು ದಿನ ಹೂ ಇಟ್ಟು, ಅಲ್ಲೇ ನಿಂತು, ಪಟವನ್ನೇ ನೋಡಿ ಕೇಳಿದರು: "ದೇವರ ಎದುರು ಹೀಗೆ ಕಣ್ಣು ಮುಚ್ಚುವವಳಲ್ಲ ಇವಳು. ಕಣ್ಣು ಅಗಲ ಮಾಡಿ ನೋಡ್ತಿದ್ದಳು. ಇಲ್ಲಿ ಎಂತಕ್ಕೆ ಮುಚ್ಚಿದ್ದು?"

ಆಗ ಸರಿಯಾಗಿ ಮೇಲೆ ವಿಮಾನ ಹೋಯಿತು ಎಂದು ಬರೆದರೆ ಚೆಂದ ಕಾಣುತ್ತದೆ. ಹೋಗಲಿಲ್ಲ. ಮನೆಯೊಳಗೆ ಯಾವ ಶಬ್ದವೂ ಇರಲಿಲ್ಲ. ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಹೇಳಿದೆ: "ನೋಡಿದ್ರೆ ಮಗನ ಪ್ರಾಣಕ್ಕೆ ಕೇಡು ಅಂತ ನೀವು ಹೇಳಿದ್ರಲ್ಲ ಮಾವ. ಅವ ಎದುರಲ್ಲಿದ್ದ. ಅದಕ್ಕೆ ಮುಚ್ಚಿದ್ದು."

ಮಾವ ನನ್ನ ಕಡೆ ತಿರುಗಲಿಲ್ಲ. ಪಟದ ಒಂದು ಬದಿಯ ಅಂಚಿಗೆ, ಕಲ್ಲಿನ ಕಂಬದ ಬಳಿ ಕಾಗದ ಹಿಂದಕ್ಕೆ ಮಡಚಿದ್ದು ಕಾಣುವಲ್ಲಿಗೆ ಬೆರಳು ಇಟ್ಟರು, ತೆಗೆದರು. ಸಂಜೆಯವರೆಗೆ ಜಗಲಿಯಲ್ಲಿ ಕೂತಿದ್ದರು, ಊಟಕ್ಕೆ ಕರೆದರೆ ಏಳಲಿಲ್ಲ. ಮರುದಿನ ಬೆಳಿಗ್ಗೆ ಎರಡು ದಾಸವಾಳ ತಂದು ಪಟಕ್ಕೆ ಇಟ್ಟರು. ಬದುಕಿದ್ದ ಮಗನಿಗೆ ಮತ್ತೊಮ್ಮೆ ಸತ್ತವರ ಹೂವೇ.